ಹಿತ್ತಾಳೆಯ ಒಲೆಗಳ ಬೆನ್ನು ಹತ್ತಿದವರು

ಬೆಳಗಿನ ಜಾವ ಅಡಿಗೆಮನೆಯಿಂದ ‘ಭುಸ್’ ಎಂಬ ಸದ್ದು ಕೇಳಿಬಂದರೆ, ಇನ್ನೇನು ಕಾಫಿ ಸಿದ್ಧವಾಗುವುದೆಂದು ಮನೆಮಂದಿಗೆಲ್ಲ ತಿಳಿಯುತ್ತಿದ್ದ ಕಾಲವೊಂದಿತ್ತು. ಮೂತಿ ಬಿಡಿಸುವ ಪಿನ್ನು, ಸ್ಪಿರಿಟ್ಟಿನ ಸೀಸೆ, ಹೆಬ್ಬೆರಳಿನಿಂದ ಒತ್ತುವ ಪಂಪು—ಇವು ನಗರದ ಎಷ್ಟೋ ಸಂಸಾರಗಳ ನಿತ್ಯದ ಸಾಮಗ್ರಿಗಳಾಗಿದ್ದುವು. ಅಡಿಗೆಯ ಅನಿಲ ಬಂದ ಮೇಲೆ ಆ ಹಿತ್ತಾಳೆಯ ಒಲೆ ಮೊದಲು ಅಟ್ಟ ಸೇರಿತು. ಅನಂತರ ಪಾತ್ರೆಯಂಗಡಿಯ ತಕ್ಕಡಿಯನ್ನೇರಿತು. ಹೀಗೆ ತೂಕಕ್ಕೆ ಬೀಳುವ ಒಲೆಗಳನ್ನು ಉಳಿಸುವುದೂ ಒಂದು ಹವ್ಯಾಸವೆಂದರೆ ಆಶ್ಚರ್ಯವಾದೀತು. ಆದರೆ ಯೂರೋಪು, ಅಮೆರಿಕಗಳಲ್ಲಿ ಅಂಚೆಚೀಟಿ, ನಾಣ್ಯಗಳಷ್ಟೇ ಶ್ರದ್ಧೆಯಿಂದ ಶಿಬಿರದ ಹಳೆಯ ಒಲೆಗಳನ್ನು ಕೂಡಿಸುವವರಿದ್ದಾರೆ.

ಈ ಒಲೆಗಳ ಮೂಲಪುರುಷ ‘ಪ್ರೈಮಸ್’. 1892ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಂ ನಗರದ ಕಾರ್ಖಾನೆಯೊಂದರ ಮೆಕ್ಯಾನಿಕ್ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಇದನ್ನು ರೂಪಿಸಿದನು. ಬೆಸುಗೆಗೆ ಬಳಸುವ ಊದುದೀಪವೇ ಇದಕ್ಕೆ ಮಾದರಿ. ಮುಂದಕ್ಕೆ ಚಾಚುತ್ತಿದ್ದ ಜ್ವಾಲೆಯನ್ನು ಆತ ಮೇಲ್ಮುಖವಾಗಿ ತಿರುಗಿಸಿದನು. ಅದಕ್ಕೆ ಮುಂಚಿನ ಬತ್ತಿಯ ಒಲೆಗಳು ಪಾತ್ರೆಗೂ ಗೋಡೆಗೂ ಮಸಿ ಬಳಿಯುತ್ತಿದ್ದುವು. ಪ್ರೈಮಸ್ಸಿಗೆ ಬತ್ತಿಯೇ ಇಲ್ಲ. ಗಾಳಿಯ ಒತ್ತಡದಿಂದ ಮೇಲೇರಿದ ಸೀಮೆಎಣ್ಣೆ, ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಯ ಮೊನೆಯಷ್ಟು ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ.

ಹಿಮಪ್ರದೇಶದಲ್ಲಿ ಒಲೆಯೆಂದರೆ ಅಡಿಗೆಯ ಅನುಕೂಲ ಮಾತ್ರವಲ್ಲ. ಅಲ್ಲಿ ಸುತ್ತಲೂ ನೀರೇ. ಆದರೆ ಎಲ್ಲವೂ ಹೆಪ್ಪುಗಟ್ಟಿದ್ದು. ಒಲೆ ಆರಿದರೆ ಕುಡಿಯಲು ಒಂದು ಗುಟುಕು ನೀರಿಲ್ಲ. 1911ರಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದ ಅಮುಂಡ್‌ಸನ್ನನ ತಂಡದ ಜೊತೆಗೂ ಪ್ರೈಮಸ್ ಇತ್ತು. 1953ರ ಮೇ 29ರ ಮುಂಜಾನೆ, ಎವರೆಸ್ಟಿನ ಕಡೆಯ ಡೇರೆಯಲ್ಲಿ ಹಿಲರಿಯ ಬೂಟುಗಳು ಕಲ್ಲಿನಂತೆ ಸೆಟೆದುಹೋಗಿದ್ದಾಗ, ಅವನ್ನು ಮೆತ್ತಗಾಗಿಸಿದ್ದು ಒಲೆಯ ಉರಿಯೇ.

ಎಲ್ಲಕ್ಕಿಂತ ಮನಕಲಕುವ ಕಥೆ ಸ್ವೀಡನ್ನಿನ ಆಂಡ್ರೇಯದು. 1897ರ ಜುಲೈ 11ರಂದು ಆತ ಇಬ್ಬರು ಸಂಗಡಿಗರೊಡನೆ ಬಲೂನನ್ನೇರಿ ಉತ್ತರ ಧ್ರುವಕ್ಕೆ ಹೊರಟನು. ಮೂರೇ ದಿನಗಳಲ್ಲಿ ಬಲೂನು ಹಿಮದ ಮೇಲಿಳಿಯಿತು. ಮೂವರೂ ತಿಂಗಳುಗಟ್ಟಲೆ ನಡೆದು ನಿರ್ಜನ ದ್ವೀಪವೊಂದನ್ನು ಸೇರಿ ಅಲ್ಲಿಯೇ ಮಡಿದರು. 33 ವರ್ಷಗಳ ನಂತರ, 1930ರಲ್ಲಿ ಅವರ ಅವಶೇಷಗಳು ದೊರೆತುವು. ಬಳಿಯಲ್ಲಿದ್ದ ಪ್ರೈಮಸ್ಸಿನಲ್ಲಿ ಸೀಮೆಎಣ್ಣೆ ಇನ್ನೂ ಉಳಿದಿತ್ತು, ಒಲೆ ಸುಸ್ಥಿತಿಯಲ್ಲಿತ್ತು. ಉರಿಯಬಲ್ಲ ಒಲೆ ಉಳಿದಿತ್ತು, ಉರಿಸುವ ಕೈಗಳು ಉಳಿದಿರಲಿಲ್ಲ.

ಸಂಗ್ರಾಹಕರು ಹಳೆಯ ಒಲೆಯನ್ನು ಕಂಡೊಡನೆ ಮೊದಲು ಅದನ್ನು ಬೋರಲು ಹಾಕುತ್ತಾರೆ. ಪ್ರೈಮಸ್ಸಿನ ತಯಾರಕರು 1911ರಿಂದ ವರ್ಷಕ್ಕೊಂದು ಅಕ್ಷರವನ್ನು ಮುದ್ರೆಯೊತ್ತುತ್ತಿದ್ದರು. 1911ಕ್ಕೆ ‘ಎ’, 1912ಕ್ಕೆ ‘ಬಿ’, ಹೀಗೆ. ಜಾತಕ ಓದಿದಂತೆ ಒಲೆಯ ವಯಸ್ಸು ತಿಳಿಯುತ್ತದೆ. ಗರ್ಜಿಸುವ ಬರ್ನರು, ಸದ್ದಿಲ್ಲದ ಬರ್ನರು ಎಂದು ಜಾತಿಗಳೂ ಉಂಟು. 1955ರಲ್ಲಿ ಬಂದ ‘ಸ್ವೇಯಾ 123’ ಎಂಬ ಪುಟ್ಟ ಪೆಟ್ರೋಲ್ ಒಲೆಗೆ ಪಂಪೇ ಇಲ್ಲ. ತನ್ನ ಕಾವಿನಿಂದಲೇ ಒತ್ತಡವನ್ನು ಪಡೆಯುತ್ತದೆ. ತಯಾರಕರು ವಾರ್ಷಿಕೋತ್ಸವಗಳಿಗೆಂದು ಹೊರತರುವ ಸ್ಮಾರಕ ಒಲೆಗಳನ್ನು ಕೆಲವರು ಪೆಟ್ಟಿಗೆ ಬಿಚ್ಚದೆ ಕಾಪಾಡುತ್ತಾರೆ. ಇನ್ನು ಕೆಲವರಿಗೆ, ಒಮ್ಮೆಯೂ ಉರಿಯದ ಒಲೆ ಒಲೆಯೇ ಅಲ್ಲ.

ಹೀಗೆ ಉರಿಸಬಯಸುವವರಿಗೆ ತಾಳ್ಮೆ ಬೇಕು. ಪಂಪಿನ ಒಣಗಿದ ಚರ್ಮದ ಬಿಲ್ಲೆಯನ್ನು ಎಣ್ಣೆಯಲ್ಲಿ ನೆನೆಸಬೇಕು. ಸೋರುವ ವಾಷರುಗಳನ್ನು ಬದಲಿಸಬೇಕು. ಸೀಮೆಎಣ್ಣೆಯ ಒಲೆಗೆ ಪೆಟ್ರೋಲನ್ನು ಎಂದಿಗೂ ಹಾಕಕೂಡದು. ಅಜಾಗರೂಕತೆಗೆ ಈ ಒಲೆ ಕ್ಷಮೆ ನೀಡುವುದಿಲ್ಲ. ಸ್ಟೋವಿನ ಬೆಂಕಿಗೆ ಬಲಿಯಾದ ಗೃಹಿಣಿಯರ ನೆನಪು ನಮ್ಮ ನಾಡಿನಲ್ಲಿ ಇನ್ನೂ ಮಾಸಿಲ್ಲ.

ಅಟ್ಟದ ಮೂಲೆಯಲ್ಲಿ ಕಿಲುಬು ಹಿಡಿದ ಒಲೆಯೊಂದು ಉಳಿದಿದ್ದರೆ, ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಅದನ್ನು ಬೋರಲು ಹಾಕಿ ನೋಡುವುದು ಲೇಸು. ಅಲ್ಲೊಂದು ಅಕ್ಷರವಿದ್ದೀತು. ಇಲ್ಲದಿದ್ದರೂ, ಎಷ್ಟೋ ಮುಂಜಾವುಗಳ ಕಾಫಿಯ ಲೆಕ್ಕವನ್ನು ಯಾವ ತಕ್ಕಡಿಯೂ ತೂಗಲಾರದು.