ಏದುಸಿರಿಗೆ ಹೆದರಿ ಕೂರಬೇಡಿ: ಶ್ವಾಸಕೋಶ ಪುನಶ್ಚೇತನ

ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಧೂಮಪಾನಿಗಳಿಗೆ ಮಾತ್ರ ಬರುವುದಿಲ್ಲ. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ತಾಯಂದಿರಿಗೂ ಬರುತ್ತದೆ. ಏದುಸಿರಿಗೆ ಹೆದರಿ ರೋಗಿಗಳು ನಡೆಯುವುದನ್ನೇ ಬಿಡುತ್ತಾರೆ. ಮನೆಯವರೂ ಕಾಳಜಿಯಿಂದ "ನೀವು ಕೂತಿರಿ" ಎನ್ನುತ್ತಾರೆ. ಕೂತಷ್ಟೂ ಕಾಲಿನ ಸ್ನಾಯುಗಳು ಸೊರಗುತ್ತವೆ, ಸಣ್ಣ ಕೆಲಸಕ್ಕೂ ಏದುಸಿರು ಹೆಚ್ಚುತ್ತದೆ.

ಇದನ್ನು ತಡೆಯಲು ಇರುವುದೇ ಶ್ವಾಸಕೋಶ ಪುನಶ್ಚೇತನ ತರಬೇತಿ. ಸಾಮಾನ್ಯವಾಗಿ 6ರಿಂದ 12 ವಾರ, ವಾರಕ್ಕೆ 2–3 ಬಾರಿ ನಡೆಯುತ್ತದೆ. ಮೊದಲು ರೋಗಿ 6 ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂದು ನೋಡುತ್ತಾರೆ. ಅದಕ್ಕೆ ತಕ್ಕಂತೆ ನಡಿಗೆ, ಕೈಕಾಲಿನ ವ್ಯಾಯಾಮ, ಇನ್ಹೇಲರ್ ಬಳಸುವ ಸರಿಯಾದ ಕ್ರಮ ಹೇಳಿಕೊಡುತ್ತಾರೆ. ಮೂಗಿನಿಂದ ಉಸಿರೆಳೆದು, ಸಿಳ್ಳೆ ಹಾಕುವಂತೆ ತುಟಿ ಕಿರಿದಾಗಿಸಿ ನಿಧಾನವಾಗಿ ಬಿಡುವುದನ್ನೂ ಕಲಿಸುತ್ತಾರೆ.

ಹಾಳಾದ ಶ್ವಾಸಕೋಶ ಇದರಿಂದ ಮೊದಲಿನಂತಾಗದು. ಆದರೆ ಏದುಸಿರು ತಗ್ಗಿ, ಸ್ನಾನ ಮಾಡುವುದು, ಮೆಟ್ಟಿಲು ಹತ್ತುವುದು, ಬಸದಿಗೆ ಹೋಗಿಬರುವುದು ಸುಲಭವಾಗುತ್ತದೆ. ಔಷಧಿಯನ್ನು ಮಾತ್ರ ನಿಲ್ಲಿಸಬಾರದು. ತರಬೇತಿ ಮುಗಿದ ಮೇಲೂ ಮನೆಯಲ್ಲಿ ವ್ಯಾಯಾಮ ಮುಂದುವರಿಸದಿದ್ದರೆ ಗಳಿಸಿದ ಲಾಭ ಕರಗುತ್ತದೆ.

ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ್ದವರು ಮನೆಗೆ ಬಂದ 4 ವಾರದೊಳಗೆ ಆರಂಭಿಸುವುದು ಒಳ್ಳೆಯದು. ಮುಂದಿನ ಸಲ ಶ್ವಾಸಕೋಶ ತಜ್ಞರನ್ನು ಕಂಡಾಗ ಈ ತರಬೇತಿಯ ಬಗ್ಗೆ ತಪ್ಪದೆ ಕೇಳಿ.