ಬಟಾಣಿ ಗಿಡಕ್ಕೆ ಸಿಕ್ಕ ಸಾಲ

ಮೊದಲು ನೀವು ಯಾರೆಂದು ತೀರ್ಮಾನಿಸಿ, ಆಮೇಲೆ ಅದಕ್ಕೆ ಒಪ್ಪುವ ಕೆಲಸಗಳನ್ನಷ್ಟೇ ಪೋರ್ಟ್‌ಫೋಲಿಯೊದಲ್ಲಿಡಿ ಎಂಬುದು ಇಂದಿನ ಕಲಾವಿದರಿಗೆ ಸಿಗುವ ಮಾಮೂಲಿ ಉಪದೇಶ. ನಾಸಿಕ್ ಬಳಿಯ ತ್ರ್ಯಂಬಕದಲ್ಲಿ 1870ರಲ್ಲಿ ಹುಟ್ಟಿದ ಧುಂಡಿರಾಜ ಗೋವಿಂದ ಫಾಲ್ಕೆ ಅದನ್ನು ಪಾಲಿಸಿದ್ದರೆ ಸಿನಿಮಾದ ಹತ್ತಿರಕ್ಕೂ ಬರುತ್ತಿರಲಿಲ್ಲ. ಮುಂಬೈಯ ಜೆ.ಜೆ. ಕಲಾಶಾಲೆ, ಬರೋಡಾದ ಕಲಾಭವನಗಳಲ್ಲಿ ಕಲಿತ ಅವರು ಗೋಧ್ರಾದಲ್ಲಿ ಫೋಟೊ ಸ್ಟುಡಿಯೊ ಇಟ್ಟರು. ತಮ್ಮ ಹೆಸರನ್ನೇ ತಿರುವುಮುರುವು ಮಾಡಿ ‘ಪ್ರೊಫೆಸರ್ ಕೆಲ್ಫಾ’ ಆಗಿ ಜಾದೂ ತೋರಿಸಿದರು. ಪುರಾತತ್ವ ಇಲಾಖೆಯಲ್ಲಿ ನಕ್ಷೆಗಾರರಾದರು. ಸ್ವದೇಶಿ ಚಳವಳಿಯ ಕಾವಿನಲ್ಲಿ ಆ ನೌಕರಿ ಬಿಟ್ಟು ಮುದ್ರಣಾಲಯ ತೆರೆದರು, ಪಾಲುದಾರರೊಡನೆ ಮನಸ್ತಾಪವಾಗಿ ಅಲ್ಲಿಂದಲೂ ಎದ್ದುಬಂದರು. ನಲವತ್ತು ತುಂಬಿದಾಗ ಅವರ ಕಸುಬು ಇಂಥದೇ ಎನ್ನಲು ನೆಂಟರೂ ತಡವರಿಸಬೇಕಿತ್ತು.

ಏಸುವಿನ ಜೀವನದ ಚಿತ್ರ ನೋಡಿ ಸಿನಿಮಾದ ಹುಚ್ಚು ಹತ್ತಿದ ಮೇಲೆ, 1912ರಲ್ಲಿ ವಿಮಾ ಪಾಲಿಸಿ ಒತ್ತೆಯಿಟ್ಟು ಲಂಡನ್‌ಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ಖರೀದಿಸಿದರು. ಆದರೆ ಬಂಡವಾಳ ಹಾಕುವವರು ಯಾರು? ಫಾಲ್ಕೆ ತಮ್ಮ ಹಳೆಯ ಅರ್ಹತೆಗಳನ್ನು ಎಣಿಸುತ್ತ ಕೂರಲಿಲ್ಲ. ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಬೆಳೆಯುವುದನ್ನು ದಿನವೂ ಚೂರುಚೂರೇ ಚಿತ್ರೀಕರಿಸಿ, ಸುಮಾರು ಒಂದು ನಿಮಿಷದ ತುಣುಕು ಮಾಡಿದರು. ಅದನ್ನು ನೋಡಿಯೇ ಯಶವಂತರಾವ್ ನಾಡಕರ್ಣಿ ಎಂಬವರು ಸಾಲ ಕೊಟ್ಟದ್ದು. ಪತ್ನಿ ಸರಸ್ವತಿಬಾಯಿ ಒಡವೆ ಕೊಟ್ಟರು, ಫಿಲ್ಮ್ ತೊಳೆಯುವ ಕೆಲಸವನ್ನೂ ಕಲಿತರು. 1913ರ ಮೇ 3ರಂದು ಫಾಲ್ಕೆಯವರ ಚಿತ್ರ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಅದೇ ವರ್ಷ ಅವರ ಸಿನಿಮಾ ಸ್ಟುಡಿಯೊ ನಾಸಿಕ್‌ಗೆ ಹೋಯಿತು.

ಗೆದ್ದವರ ಅಲೆದಾಟ ಮಾತ್ರ ಸಿದ್ಧತೆಯಂತೆ ಕಾಣುತ್ತದೆ, ಸೋತಿದ್ದರೆ ಇದೇ ಫಾಲ್ಕೆ ನೆಲೆಯಿಲ್ಲದವರಾಗುತ್ತಿದ್ದರು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸಾಲ ಹುಟ್ಟಿದ್ದು ಅಲೆದಾಟಕ್ಕಲ್ಲ, ಆ ತುಣುಕಿಗೆ. ಹಳೆಯ ಕಸುಬುಗಳು ಅದರೊಳಗೆ ಸೇರಿಕೊಂಡವು: ರಾಸಾಯನಿಕಗಳ ಹದ ಫೋಟೊ ಸ್ಟುಡಿಯೊದ್ದು, ಕಣ್ಕಟ್ಟಿನ ಜಾಣ್ಮೆ ಜಾದೂವಿನದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಕೆಲಸವೊಂದೇ ಸಾಕೆ? ಛತ್ರಪತಿ ಸಂಭಾಜಿನಗರ ಜಿಲ್ಲೆಯ ಎಲ್ಲೋರಾದಲ್ಲಿ ಕೈಲಾಸ ದೇಗುಲವಿದೆ, ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ತಾನು ಕಟ್ಟಿದ್ದನ್ನು ಕಂಡು ಶಿಲ್ಪಿಯೇ ಬೆರಗಾದನೆಂದು ಒಂಬತ್ತನೇ ಶತಮಾನದ ಬರೋಡಾ ತಾಮ್ರಶಾಸನ ಹೇಳುತ್ತದೆ. ಅವನ ಹೆಸರನ್ನು ಮಾತ್ರ ಹೇಳುವುದಿಲ್ಲ. ಅಷ್ಟು ದೊಡ್ಡ ಕೆಲಸವೂ ತನ್ನವನ ಹೆಸರು ಉಳಿಸಲಿಲ್ಲ. ಹೇಳಿಕೊಳ್ಳುವುದೂ ಬೇಕು, ಒಪ್ಪೋಣ. ಆದರೆ ತೋರಿಸಲು ಏನಾದರೂ ಆದ ಮೇಲೆ. ಫಾಲ್ಕೆ ತಾವು ಚಿತ್ರ ತಯಾರಕರಾದ ಬಗೆಯನ್ನು ಮರಾಠಿಯ ‘ನವಯುಗ’ ಮಾಸಿಕದಲ್ಲಿ ಬರೆದದ್ದು 1917–18ರಲ್ಲಿ, ‘ಹರಿಶ್ಚಂದ್ರ’ ಬಂದು ನಾಲ್ಕು ವರ್ಷ ಕಳೆದಿತ್ತು.