ಬಿಲ್ಲಿನ ಸಂಧಿ

ವಿಜಯಪುರ ಜಿಲ್ಲೆಯ ಆಲಮೇಲದ ಸುತ್ತಣ ಎರೆಹೊಲಗಳಲ್ಲಿ ಕುಂಟೆ ಹೊಡೆಯುವ ರೈತನನ್ನು ಕಂಡವರು ಆ ಕುಂಟೆಯ ರಚನೆಯನ್ನೂ ಒಮ್ಮೆ ನಿಂತು ನೋಡಬೇಕು. ದಿಂಡು ಬೇರೆ, ಈಸು ಬೇರೆ, ಮೇಳಿ ಬೇರೆ. ಬಡಿಗನು ಒಂದೊಂದನ್ನೂ ಬೇರೆಯಾಗಿಯೇ ಕೆತ್ತಿ, ತೂತಿನಲ್ಲಿ ತುದಿ ಕೂಡಿಸಿ, ಬೆಣೆ ಬಡಿದು ಒಂದು ಮಾಡುತ್ತಾನೆ. ಕೂಡಿಕೆ ಹದವಾಗಿದ್ದರೆ ಎತ್ತು ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಹದ ತಪ್ಪಿದ್ದರೆ ಎರಡು ಸಾಲು ಮುಗಿಯುವುದರೊಳಗೆ ಕಳಚಿ ಬೀಳುತ್ತದೆ. ಮರ ಎಷ್ಟೇ ಗಟ್ಟಿಯಾಗಿರಲಿ, ಉಪಕರಣದ ಆಯುಷ್ಯವೆಲ್ಲ ಆ ಸಂಧಿಯಲ್ಲಿದೆ.

ಬಿಲ್ಲಿನ ಮಾತೂ ಇದೇ. ಬಿಲ್ಲೆಂದರೆ ಬಾಗಿದ ಒಂದು ಕೋಲು, ಅದಕ್ಕೊಂದು ಹೆದೆ ಎಂದು ನಾವು ತಿಳಿದಿರುತ್ತೇವೆ. ಹಬ್ಬದ ದಿನಗಳಲ್ಲಿ ಹುಡುಗರು ಬಿದಿರುಸೀಳಿಗೆ ದಾರ ಕಟ್ಟಿ ಆಡುವ ಬಿಲ್ಲು ಅಂಥದೇ. ಆದರೆ ಯುದ್ಧಗಳ ಜಯಾಪಜಯವನ್ನು ನಿರ್ಣಯಿಸಿದ ಬಿಲ್ಲುಗಳೂ, ಇಂದು ಒಲಿಂಪಿಕ್ ಕ್ರೀಡಾಂಗಣದಲ್ಲಿ ಕಾಣುವ ಬಿಲ್ಲುಗಳೂ ಒಂದೇ ಕೋಲಿನವಲ್ಲ. ನಡುವಿನ ಹಿಡಿ ಒಂದು. ಅದರ ಮೇಲೂ ಕೆಳಗೂ ಚಾಚಿದ ತೋಳುಗಳು ಎರಡು. ಹಿಡಿಗೆ ಈಗಿನ ಕ್ರೀಡಾಪಟುಗಳು ‘ರೈಸರ್’ ಎನ್ನುತ್ತಾರೆ, ತೋಳುಗಳಿಗೆ ‘ಲಿಂಬ್’ ಎನ್ನುತ್ತಾರೆ. ಈ ಮೂರೂ ಒಂದಾಗುವ ಬಗೆ ಹೇಗೆಂಬುದೇ ಬಿಲ್ಲುಗಾರಿಕೆಯ ಇತಿಹಾಸದ ಒಂದು ರಸವತ್ತಾದ ಅಧ್ಯಾಯ.

ಬಾಗದ ಹಿಡಿ, ಬಾಗುವ ತೋಳು

ಹಿಡಿಯ ಧರ್ಮ ಒಂದು, ತೋಳಿನ ಧರ್ಮ ಇನ್ನೊಂದು. ಹಿಡಿ ಬಾಗಕೂಡದು, ಅದು ಅಲುಗಿದರೆ ಗುರಿ ಅಲುಗಿತು. ತೋಳು ಬಾಗಲೇಬೇಕು, ಅದು ಬಾಗದಿದ್ದರೆ ಬಾಣಕ್ಕೆ ವೇಗವಿಲ್ಲ. ಒಂದೇ ಮರದಲ್ಲಿ ಈ ಎರಡು ವಿರುದ್ಧ ಗುಣಗಳನ್ನು ಬಯಸುವುದು ಕಷ್ಟ. ನಡುವೆ ದಪ್ಪವಾಗಿ, ತುದಿಗಳತ್ತ ತೆಳುವಾಗಿ ಕೆತ್ತಿದರೆ ಸ್ವಲ್ಪಮಟ್ಟಿಗೆ ಸಾಧ್ಯವಾಗುತ್ತದೆ. ಆದರೆ ಬಲವನ್ನು ಹೆಚ್ಚಿಸಹೊರಟರೆ ಬಿಲ್ಲು ಆಳೆತ್ತರವಾಗುತ್ತದೆ. ಕುದುರೆಯ ಮೇಲೆ ಕುಳಿತವನಿಗೆ ಅದು ನಿರುಪಯೋಗಿ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ವಿಷಯವನ್ನು ಹೇಳುವಾಗ ತಾಳೆ, ಬಿದಿರು, ಮರ, ಕೋಡು ಎಂಬ ನಾಲ್ಕು ವಸ್ತುಗಳ ಬಿಲ್ಲುಗಳನ್ನು ಹೆಸರಿಸಲಾಗಿದೆ. ಕಾರ್ಮುಕ, ಕೋದಂಡ ಮುಂತಾಗಿ ಕಾವ್ಯಗಳಲ್ಲಿ ಪರ್ಯಾಯಪದಗಳಂತೆ ಬರುವ ಹೆಸರುಗಳು ಅಲ್ಲಿ ವಸ್ತುಭೇದವನ್ನು ಸೂಚಿಸುತ್ತವೆ. ವಿಷ್ಣುವಿನ ಧನುಸ್ಸಿಗೆ ಶಾರ್ಙ್ಗವೆಂಬ ಹೆಸರಿದೆಯಷ್ಟೆ? ಅದು ‘ಶೃಂಗ’ ಎಂಬ ಮಾತಿನಿಂದಲೇ ಬಂದುದು. ಕೋಡನ್ನು ಬಿಲ್ಲಿಗೆ ಬಳಸುವ ವಿದ್ಯೆ ನಮ್ಮಲ್ಲಿ ಪುರಾತನವೆಂಬುದಕ್ಕೆ ಈ ಒಂದು ಹೆಸರೇ ಸಾಕ್ಷಿ.

ಫಿರಿಷ್ತಾ ಹೇಳಿದ ಕಥೆ

ಕನ್ನಡನಾಡಿನಲ್ಲಿ ಬಿಲ್ಲು ಒಂದು ರಾಜ್ಯದ ಚಿಂತೆಗೇ ಕಾರಣವಾದ ಪ್ರಸಂಗವನ್ನು ಬರೆದಿಟ್ಟವನು ವಿಜಯಪುರದಲ್ಲಿ ಬಾಳಿದ ಇತಿಹಾಸಕಾರ ಫಿರಿಷ್ತಾ. ಎರಡನೆಯ ಇಬ್ರಾಹಿಂ ಆದಿಲಶಾಹನ (೧೫೮೦-೧೬೨೭) ಆಶ್ರಯದಲ್ಲಿ ಅವನು ತನ್ನ ಬೃಹದ್ಗ್ರಂಥವನ್ನು ರಚಿಸಿದನು.

ಅವನು ಹೇಳುವ ಕಥೆ ವಿಜಯನಗರದ ಎರಡನೆಯ ದೇವರಾಯನ (೧೪೨೪-೧೪೪೬) ಕಾಲದ್ದು. ಬಹಮನಿ ಸುಲ್ತಾನರೊಡನೆ ನಡೆದ ಯುದ್ಧಗಳಲ್ಲಿ ಮತ್ತೆಮತ್ತೆ ಹಿನ್ನಡೆಯಾದಾಗ ರಾಯನು ಸಭೆ ಕರೆದನಂತೆ. ತನ್ನ ರಾಜ್ಯ ದೊಡ್ಡದು, ಸೈನ್ಯ ದೊಡ್ಡದು, ಬೊಕ್ಕಸ ದೊಡ್ಡದು. ಹೀಗಿದ್ದೂ ಸೋಲೇಕೆ ಎಂಬುದು ಅವನ ಪ್ರಶ್ನೆ. ಕೆಲವರು ವಿಧಿಯನ್ನು ಮುಂದೆಮಾಡಿದರು. ಉಳಿದವರು ನೆಲದ ಮೇಲಿನ ಉತ್ತರ ಕೊಟ್ಟರು: ಶತ್ರುಗಳ ಕುದುರೆಗಳು ಬಲಿಷ್ಠ, ಅವರ ಬಿಲ್ಲುಗಾರರು ನಿಪುಣರು. ದೇವರಾಯನು ವಿಧಿಯನ್ನು ನಂಬಿ ಕೂಡಲಿಲ್ಲ. ಮುಸಲ್ಮಾನ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡನು. ಅವರಿಗೆ ಜಹಗೀರು ಕೊಟ್ಟನು, ಮಸೀದಿ ಕಟ್ಟಿಸಿದನು, ತನ್ನ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನು. ತನ್ನ ಹಿಂದೂ ಯೋಧರಿಗೂ ಆ ಬಿಲ್ವಿದ್ಯೆಯನ್ನು ಕಲಿಸಿದನು. ಕೆಲಕಾಲದಲ್ಲಿ ೨,೦೦೦ ಮುಸಲ್ಮಾನ ಬಿಲ್ಲುಗಾರರೂ ೬೦,೦೦೦ ಹಿಂದೂ ಬಿಲ್ಲುಗಾರರೂ ಸಿದ್ಧರಾದರೆಂದು ಫಿರಿಷ್ತಾ ಬರೆಯುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಹಂಪೆಯಲ್ಲಿ ೧೪೩೯ರ ಶಾಸನವಿರುವ ಅಹಮದ್ ಖಾನನ ಮಸೀದಿ ಇಂದಿಗೂ ನಿಂತಿದ್ದು, ಕಥೆಯ ತಿರುಳಿಗೆ ಒತ್ತಾಸೆಯಾಗಿದೆ.

ಒಂದು ಆಯುಧವನ್ನು ಕಲಿಯಲು ಪರಮತದ ಗುರುವನ್ನು ಮನೆಗೆ ಕರೆದು ಆದರಿಸಿದ ಅರಸನ ವಿವೇಕ ಸಣ್ಣದಲ್ಲ. ಆ ಆಯುಧದಲ್ಲಿ ಅಂಥದೇನಿತ್ತು?

ಕೋಡು, ನರ, ಅಂಟು

ತುರ್ಕಿ, ಪಾರಸಿಕ ದೇಶಗಳಲ್ಲಿ ಬೆಳೆದು ದಕ್ಷಿಣಾಪಥಕ್ಕೆ ಬಂದ ಸಂಯುಕ್ತ ಬಿಲ್ಲಿನ ಒಡಲು ಮರದ್ದು. ಆದರೆ ಅದು ಒಂದೇ ಮರದ ತುಂಡಲ್ಲ. ಹಿಡಿಗೆ ಒಂದು, ತೋಳುಗಳಿಗೆ ಎರಡು, ಹೆದೆ ಸಿಕ್ಕಿಸುವ ಬಿರುಸಾದ ತುದಿಗಳಿಗೆ ಎರಡು, ಹೀಗೆ ಐದು ತುಂಡುಗಳು. ಒಂದು ತುಂಡಿನ ಕೊನೆಯನ್ನು ಮೀನಿನ ಬಾಲದಂತೆ ಸೀಳಿ, ಇನ್ನೊಂದರ ಕೊನೆಯನ್ನು ಅದಕ್ಕೆ ಸರಿಯಾಗಿ ಚೂಪುಮಾಡಿ, ಒಳಕ್ಕೆ ತೂರಿಸಿ ಅಂಟು ಹಾಕುತ್ತಿದ್ದರು. ಮೊಳೆಯಿಲ್ಲ, ತಿರುಪಿಲ್ಲ. ನೇರವಾಗಿ ಕತ್ತರಿಸಿ ತುದಿಗೆ ತುದಿ ಕೂಡಿಸಿದರೆ ಅಂಟು ಹಿಡಿಯುವ ಜಾಗ ಬೆರಳಗಲ. ಹೀಗೆ ಓರೆಯಾಗಿ ಸೀಳಿ ಕೂಡಿಸಿದರೆ ಅದರ ಹಲವು ಪಟ್ಟು. ಸಂಧಿಯ ಬಲದ ಗುಟ್ಟು ಇದೇ.

ಬಳಿಕ ಬಿಲ್ಲುಗಾರನ ಕಡೆಗಿರುವ ಮೈಗೆ ಕೋಣದ ಕೋಡಿನ ಪಟ್ಟಿ. ಗುರಿಯ ಕಡೆಗಿರುವ ಮೈಗೆ ಪ್ರಾಣಿಗಳ ನರವನ್ನು ಎಳೆ ಎಳೆಯಾಗಿ ಬಿಡಿಸಿ ಅಂಟಿನಲ್ಲಿ ಅದ್ದಿ ಹಚ್ಚುವ ಪದರ. ಬಿಲ್ಲನ್ನು ಸೆಳೆದಾಗ ಒಳಮೈ ಒತ್ತಲ್ಪಡುತ್ತದೆ, ಹೊರಮೈ ಹಿಗ್ಗುತ್ತದೆ. ಒತ್ತಡವನ್ನು ತಾಳುವುದು ಕೋಡು, ಎಳೆತವನ್ನು ತಾಳುವುದು ನರ. ಸಂಧಿಯ ಮೇಲೆಯೂ ನರದ ಹೊದಿಕೆ ಹಾಯ್ದುಹೋಗುವುದರಿಂದ ಐದು ತುಂಡುಗಳು ಒಂದೇ ಪ್ರಾಣಿಯಂತೆ ಮಿಡಿಯುತ್ತವೆ. ಒಂದೊಂದು ಪದರವೂ ಒಣಗಲು ವಾರಗಳು, ತಿಂಗಳುಗಳು ಬೇಕು. ಬಿಲ್ಲು ಕುಳ್ಳಗೆ, ಬಲ ಅಪಾರ. ಕುದುರೆಯ ಮೇಲಿಂದ ಎಡಕ್ಕೂ ಬಲಕ್ಕೂ ಹೊರಳಿ ಬಾಣ ಬಿಡಬಹುದು.

ಆದರೆ ಅದಕ್ಕೊಂದು ಶತ್ರುವಿತ್ತು: ನಮ್ಮ ಮಳೆಗಾಲ. ಚರ್ಮ, ನರಗಳನ್ನು ಕುದಿಸಿ ತೆಗೆದ ಅಂಟು ತೇವವನ್ನು ಹೀರಿದರೆ ಸಡಿಲುತ್ತದೆ. ಬಿಲ್ಲಿನ ಮೇಲೆ ತೊಗಲು ಹೊದಿಸಿ, ಅರಗು ಬಳಿದು, ಬಣ್ಣದ ಹೂಬಳ್ಳಿ ಚಿತ್ರಿಸುತ್ತಿದ್ದುದು ಕೇವಲ ಅಲಂಕಾರಕ್ಕಲ್ಲ. ಆ ಸಂಧಿಗಳಿಗೆ ನೀರು ತಾಗದಿರಲಿ ಎಂಬುದಕ್ಕೂ ಹೌದು.

ತಿರುಪಿನ ಬಿಲ್ಲು

ಈ ಶತ್ರುವನ್ನು ಗೆಲ್ಲಲು ಭಾರತದ ಕಮ್ಮಾರರು ಉಕ್ಕಿನ ಬಿಲ್ಲನ್ನೇ ಮಾಡಿದರು. ಕೋಡಿನ ಬಿಲ್ಲಿನ ಬಾಗುಬಳುಕುಗಳನ್ನೆಲ್ಲ ಉಕ್ಕಿನಲ್ಲಿ ಹಾಗೆಯೇ ಇಳಿಸಿ, ಮೇಲೆ ಚಿನ್ನಬೆಳ್ಳಿಯ ಕುಸುರಿಯನ್ನೂ ಕೂಡಿಸಿದ ೧೭-೧೮ನೆಯ ಶತಮಾನದ ಬಿಲ್ಲುಗಳು ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ವೇಗದಲ್ಲಿ ಅವು ಕೋಡಿನ ಬಿಲ್ಲಿಗೆ ಸಮನಲ್ಲ. ಆದರೆ ಆಯುಧಾಗಾರದಲ್ಲಿ ಎಷ್ಟು ಮಳೆಗಾಲ ಕಳೆದರೂ ಅಂಟು ಬಿಡುವ ಭಯವಿಲ್ಲ.

ಇವುಗಳಲ್ಲಿ ಕೆಲವು ಹಿಡಿಯ ನಡುವೆ ಎರಡು ಭಾಗವಾಗುತ್ತವೆ! ಒಂದು ಭಾಗಕ್ಕೆ ತಿರುಪಿನ ಮೊಳೆ, ಇನ್ನೊಂದಕ್ಕೆ ಅದನ್ನು ನುಂಗುವ ತಿರುಪಿನ ಗುಳಿ. ತಿರುಗಿಸಿದರೆ ಬಿಲ್ಲು, ಬಿಚ್ಚಿದರೆ ಚೀಲದಲ್ಲಿ ಅಡಗುವ ಎರಡು ತುಂಡು. ಕಳಚುವ ಬಿಲ್ಲು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯರ ಕಲ್ಪನೆ ಎನ್ನುವವರು ಈ ಉಕ್ಕಿನ ಬಿಲ್ಲನ್ನು ಒಮ್ಮೆ ನೋಡಬೇಕು.

ಇಂದಿನ ಕೀಲು

೧೯೨೦ರ ಬಳಿಕ ಒಲಿಂಪಿಕ್ಸಿನಿಂದ ಮರೆಯಾಗಿದ್ದ ಬಿಲ್ಗಾರಿಕೆ ೧೯೭೨ರಲ್ಲಿ ಮ್ಯೂನಿಕ್‌ನಲ್ಲಿ ಮರಳಿ ಬಂದಿತು. ಆ ಹೊತ್ತಿಗೆ ಒಂದೇ ತುಂಡಿನ ಮರದ ಬಿಲ್ಲುಗಳ ಕಾಲ ಮುಗಿಯುತ್ತ ಬಂದು, ಹಿಡಿಯೂ ತೋಳುಗಳೂ ಬೇರೆಯಾದ ಬಿಲ್ಲುಗಳ ಕಾಲ ಆರಂಭವಾಗಿತ್ತು. ಈಗ ಹಿಡಿ ಅಲ್ಯೂಮಿನಿಯಂ ಮುಂತಾದ ಹಗುರ ಲೋಹದ್ದು. ತೋಳು ಮರ ಅಥವಾ ನೊರೆಯಂಥ ಕೃತಕ ವಸ್ತುವಿನ ತಿರುಳಿಗೆ ಗಾಜಿನ ನಾರು, ಇಂಗಾಲದ ನಾರುಗಳ ಪದರ ಹಚ್ಚಿದ್ದು. ನರ, ಕೋಡುಗಳ ತತ್ತ್ವವೇ ಹೊಸ ವೇಷದಲ್ಲಿ ಬಂದಿದೆ.

ತೋಳನ್ನು ಹಿಡಿಗೆ ಸೇರಿಸುವ ಸರಳ ಕ್ರಮದಲ್ಲಿ ತೋಳಿನ ಬುಡದ ತೂತಿನ ಮೂಲಕ ಒಂದು ಬೋಲ್ಟ್ ಹಾಯಿಸಿ, ಅತ್ತಿತ್ತ ಸರಿಯದಂತೆ ಒಂದೆರಡು ಗೂಟಗಳನ್ನಿಟ್ಟು ಬಿಗಿಯುತ್ತಾರೆ. ಕಲಿಯುವವರ ಬಿಲ್ಲುಗಳಲ್ಲಿ ಇದೇ ಹೆಚ್ಚು.

ಸ್ಪರ್ಧೆಯ ಬಿಲ್ಲಿನ ಕೀಲು ಇನ್ನೂ ಜಾಣತನದ್ದು. ಅಮೆರಿಕದ ಅರ್ಲ್ ಹೊಯ್ಟ್ ಎಂಬ ಬಿಲ್ಲುತಯಾರಕನ ಸಂಸ್ಥೆಯಲ್ಲಿ ರೂಪುಗೊಂಡು, ಕ್ರಮೇಣ ಇತರ ತಯಾರಕರೂ ಅನುಸರಿಸಿದ ಕ್ರಮವಿದು. ತೋಳಿನ ಬುಡದ ಕೊನೆಯಲ್ಲಿ ಕುದುರೆಲಾಳದಂಥ ಒಂದು ಕಚ್ಚು. ಅದರ ಸ್ವಲ್ಪ ಮುಂದೆ, ಒಳಮೈಯಲ್ಲಿ, ಪಾರಿವಾಳದ ಬಾಲದಂತೆ ಅಗಲಿಸಿದ ಒಂದು ಲೋಹದ ಗುಬ್ಬಿ. ಆ ಗುಬ್ಬಿಯ ನೆತ್ತಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ಮೊಳೆ. ಹಿಡಿಯ ತುದಿಯಲ್ಲಿ ಗುಬ್ಬಿಗೆ ತಕ್ಕ ಗಾಡಿ, ಕಚ್ಚಿಗೆ ತಕ್ಕ ಅಗಲತಲೆಯ ಬೋಲ್ಟ್. ತೋಳನ್ನು ಗಾಡಿಯಲ್ಲಿ ಜಾರಿಸಿದರೆ ಕಚ್ಚು ಬೋಲ್ಟಿನ ತಲೆಯ ಕೆಳಗೆ ಸರಿದು ಅದರ ಕೊರಳನ್ನು ತಬ್ಬಿಕೊಳ್ಳುತ್ತದೆ. ಮೊಳೆ ತನ್ನ ಗುಳಿಯಲ್ಲಿ ‘ಟಕ್’ ಎಂದು ಕೂರುತ್ತದೆ. ಉಪಕರಣ ಬೇಡ, ತಿರುಪು ಬೇಡ.

ಇಷ್ಟೇ ಸಾಕೇ ಎಂದು ನೋಡುವವರಿಗೆ ಅನುಮಾನ. ಆ ಸಣ್ಣ ಮೊಳೆ ತೋಳನ್ನು ತಾತ್ಕಾಲಿಕವಾಗಿ ಹಿಡಿದಿರುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಭಾರ ಹೊರಿಸುವುದು ಹೆದೆ. ಹೆದೆಯೇರಿಸಿದ ಕೂಡಲೇ ತೋಳಿನ ತುದಿ ಬಿಲ್ಲುಗಾರನ ಕಡೆಗೆ ಎಳೆಯಲ್ಪಡುತ್ತದೆ. ಹಿಡಿಯ ಅಂಚು ಮೀಟುಗೋಲಿನ ಆಧಾರದಂತಾಗಿ, ತೋಳಿನ ಬುಡ ಗುರಿಯ ಕಡೆಗೆ ಎದ್ದು ಬೋಲ್ಟಿನ ತಲೆಗೆ ಒತ್ತಿಕೊಳ್ಳುತ್ತದೆ. ಆಧಾರದಿಂದ ತುದಿಯವರೆಗಿನ ಉದ್ದ ಬಹಳ, ಬುಡದವರೆಗಿನ ಉದ್ದ ಸ್ವಲ್ಪ. ಆದ್ದರಿಂದ ತುದಿಯ ಎಳೆತದ ಹಲವು ಪಟ್ಟು ಬಲ ಬೋಲ್ಟಿನ ಮೇಲೆ ಬೀಳುತ್ತದೆ. ಎಷ್ಟು ಸೆಳೆದರೆ ಅಷ್ಟು ಬಿಗಿ. ಎತ್ತು ಜಗ್ಗಿದಷ್ಟೂ ಬಿಗಿಯುವ ಕುಂಟೆಯ ಕೀಲನ್ನು ಇಲ್ಲಿ ನೆನೆಯಬಹುದು.

ಕೂದಲೆಳೆಯ ಲೆಕ್ಕ

ಬೋಲ್ಟನ್ನು ಒಳಕ್ಕೆ ತಿರುಗಿಸಿದರೆ ಬಿಲ್ಲು ಬಿರುಸಾಗುತ್ತದೆ, ಹೊರಕ್ಕೆ ತಿರುಗಿಸಿದರೆ ಮೆತ್ತಗಾಗುತ್ತದೆ. ಮೇಲಿನ ಹಾಗೂ ಕೆಳಗಿನ ತೋಳುಗಳ ಬುಡದಿಂದ ಹೆದೆಗಿರುವ ಅಂತರವನ್ನೂ ಅಳೆಯುತ್ತಾರೆ. ಸಾಮಾನ್ಯವಾಗಿ ಮೇಲಿನ ಅಂತರ ಕೆಲವು ಮಿಲಿಮೀಟರಿನಷ್ಟು ಹೆಚ್ಚಿರುತ್ತದೆ. ಕೈಹಿಡಿತ ಬಿಲ್ಲಿನ ನಟ್ಟನಡುವಿಗಿಂತ ಕೆಳಗಿರುವುದರಿಂದ ಕೆಳಗಿನ ತೋಳು ತುಸು ಬಿರುಸಾಗಿರಬೇಕು. ತೋಳು ಕೂದಲೆಳೆಯಷ್ಟು ಪಕ್ಕಕ್ಕೆ ವಾಲಿದ್ದರೂ ಹೆದೆ ನಡುಗೆರೆಯನ್ನು ಬಿಟ್ಟು ಸರಿಯುತ್ತದೆ. ಒಲಿಂಪಿಕ್ಸಿನಲ್ಲಿ ಗುರಿ ೭೦ ಮೀಟರ್ ದೂರ. ಹತ್ತು ಅಂಕದ ವೃತ್ತದ ಅಗಲ ೧೨.೨ ಸೆಂಟಿಮೀಟರ್, ಅಂದರೆ ಊಟದ ಸಣ್ಣ ಬಟ್ಟಲಿನಷ್ಟು. ಸಂಧಿಯಲ್ಲಿ ಆದ ಸಾಸಿವೆಯಷ್ಟು ತಪ್ಪು ಅಷ್ಟು ದೂರ ಹೋಗುವುದರೊಳಗೆ ಬಟ್ಟಲನ್ನೇ ದಾಟಿರುತ್ತದೆ.

ಅಪಾಯವೂ ಇಲ್ಲಿಯೇ. ಬಿಲ್ಲನ್ನು ಮೆತ್ತಗೆ ಮಾಡುವ ಆಸೆಯಿಂದ ಬೋಲ್ಟನ್ನು ಮಿತಿಮೀರಿ ಹೊರತೆಗೆದರೆ ಕೆಲವೇ ಸುತ್ತಿನ ತಿರುಪು ಅಷ್ಟು ಬಲವನ್ನೂ ಹೊರಬೇಕಾಗುತ್ತದೆ. ಅದು ಕಿತ್ತರೆ ತೋಳು ಸಿಡಿದು ಮುಖಕ್ಕೇ ಬಡಿಯಬಹುದು. ಎಷ್ಟು ಸುತ್ತು ಸಡಿಲಿಸಬಹುದೆಂಬ ಮಿತಿಯನ್ನು ತಯಾರಕರು ಹೇಳಿರುತ್ತಾರೆ. ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡುವುದೂ ಅಷ್ಟೇ ಅನರ್ಥಕಾರಿ. ಬಾಣಕ್ಕೆ ಸಲ್ಲಬೇಕಾದ ಶಕ್ತಿ ತೋಳಿಗೂ ಕೀಲಿಗೂ ಮರಳಿ ಬಡಿಯುತ್ತದೆ. ಮಕ್ಕಳಿಗೆ ಬಿಲ್ಲು ಕೊಡಿಸುವ ತಂದೆತಾಯಿಗಳು ಮೊದಲು ಕಲಿಸಬೇಕಾದ ಪಾಠಗಳಿವು.

ಬಿದಿರಿನಿಂದ ಒಲಿಂಪಿಕ್ಸಿಗೆ

ಕಳಚುವ ಬಿಲ್ಲಿನ ದೊಡ್ಡ ಉಪಕಾರ ಬೇರೊಂದು. ಹನ್ನೆರಡು ವರ್ಷದ ಹುಡುಗಿ ಸೆಳೆಯಬಲ್ಲ ಬಿಲ್ಲು ಇಪ್ಪತ್ತು ಪೌಂಡಿನ ಆಸುಪಾಸಿನದು. ಬೆಳೆದು ಸ್ಪರ್ಧೆಗೆ ನಿಂತಾಗ ಅವಳಿಗೆ ನಲವತ್ತರ ಸಮೀಪದ್ದು ಬೇಕು. ಒಂದೇ ತುಂಡಿನ ಬಿಲ್ಲಾದರೆ ಪ್ರತಿಸಲವೂ ಹೊಸ ಬಿಲ್ಲು. ಈಗ ಹಿಡಿ ಅದೇ, ತೋಳು ಮಾತ್ರ ಬೇರೆ. ಒಬ್ಬ ತಯಾರಕನ ಹಿಡಿಗೆ ಇನ್ನೊಬ್ಬನ ತೋಳು ಕೂಡುವುದರಿಂದ, ಅಣ್ಣ ಬಿಟ್ಟ ತೋಳನ್ನು ತಂಗಿ, ಹಿರಿಯ ವಿದ್ಯಾರ್ಥಿ ಬಿಟ್ಟದ್ದನ್ನು ಕಿರಿಯ ವಿದ್ಯಾರ್ಥಿ ಬಳಸಬಹುದು. ಉನ್ನತ ದರ್ಜೆಯ ಒಂದು ಬಿಲ್ಲಿಗೆ ಲಕ್ಷ ರೂಪಾಯಿಗೂ ಮಿಕ್ಕಿ ತಗಲುವ ಈ ದಿನಗಳಲ್ಲಿ ಅದು ಸಣ್ಣ ಮಾತಲ್ಲ.

ರಾಜಸ್ಥಾನದ ಉದಯಪುರ ಸೀಮೆಯ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಾಲ್ಯದಲ್ಲಿ ಹಿಡಿದದ್ದು ಬಿದಿರಿನ ಬಿಲ್ಲು. ೧೯೮೮ರಲ್ಲಿ ಭಾರತ ಮೊದಲ ಬಾರಿಗೆ ಒಲಿಂಪಿಕ್ ಬಿಲ್ಗಾರಿಕೆಯಲ್ಲಿ ಪಾಲ್ಗೊಂಡಾಗ ಆತ ಸೋಲ್‌ನಲ್ಲಿ ತಂಡದೊಡನಿದ್ದನು. ೧೯೯೨ರಲ್ಲಿ ಬೀಜಿಂಗ್‌ನ ಏಷ್ಯನ್ ಸ್ಪರ್ಧೆಯಲ್ಲಿ ೩೦ ಮೀಟರ್ ದೂರಕ್ಕೆ ೩೬೦ರಲ್ಲಿ ೩೫೮ ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದನು. ಕಣ್ಣೂ ಕೈಯೂ ಕಾಡಿನವು; ಬಿಲ್ಲು ಮಾತ್ರ ಬದಲಾಗಿತ್ತು. ಭೀಮಾತೀರದ ಹೊಲಗಳಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವ ಹುಡುಗರಲ್ಲಿಯೂ ಅಂಥ ಕಣ್ಣಿಲ್ಲವೆಂದು ಯಾರು ಹೇಳಬಲ್ಲರು? ಅವರ ಕೈಗೆ ತಕ್ಕ ಬಿಲ್ಲು ಸಿಗಬೇಕು, ಅದನ್ನು ಕೂಡಿಸಿ ತೋರುವ ಗುರು ಸಿಗಬೇಕು.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಎರಡು ಬಗೆಯ ಕೂಡಿಕೆ ಗೊತ್ತು. ಸಂಧಿಯಾದಾಗ ಎರಡು ಪದಗಳು ಬೆರೆತು, ಅಕ್ಷರ ಬಿಟ್ಟು ಅಥವಾ ಬದಲಿಸಿ, ಒಂದಾಗುತ್ತವೆ. ಪ್ರಕೃತಿಭಾವದಲ್ಲಿ ಮಗ್ಗುಲಲ್ಲಿದ್ದರೂ ತಮ್ಮ ರೂಪವನ್ನು ಬಿಡುವುದಿಲ್ಲ. ಕೋಡಿನ ಬಿಲ್ಲಿನದು ಮೊದಲನೆಯ ಬಗೆ, ಇಂದಿನ ಬಿಲ್ಲಿನದು ಎರಡನೆಯದು. ಸಂಜೆ ಆಟ ಮುಗಿದ ಮೇಲೆ ಕ್ರೀಡಾಪಟು ಹೆದೆಯಿಳಿಸಿ, ತೋಳುಗಳನ್ನು ಒಂದೊಂದಾಗಿ ಕಳಚಿ, ಒರೆಸಿ, ಪೆಟ್ಟಿಗೆಯಲ್ಲಿಡುತ್ತಾನೆ. ಮರುದಿನ ಮತ್ತೆ ‘ಟಕ್’ ಎಂಬ ಆ ಸಣ್ಣ ಸದ್ದು ಕೇಳಿದ ಮೇಲೆಯೇ ಹೆದೆಗೆ ಕೈ ಹಾಕುತ್ತಾನೆ.